ಉಂಗುರದ ಪಟ್ಟಿಯಲ್ಲಿ ಬಿಟ್ಟ ಹೆಸರು

ವರ್ನಾ ಹೋಲ್ಯಾಕ್ ಹೊಲಿಗೆ ಕಲಿತದ್ದು ಶವಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ. ಪೆಟ್ಟಿಗೆಯೊಳಗೆ ಹಾಸುವ ಬಿಳಿ ಸ್ಯಾಟಿನ್‌ಗೆ ನೆರಿಗೆ ಹಿಡಿಯುವುದು, ತಲೆಯಡಿಯ ಪುಟ್ಟ ದಿಂಬಿಗೆ ಅಂಚು ಕಟ್ಟುವುದು ಹದಿನೆಂಟನೆಯ ವಯಸ್ಸಿನಿಂದ ಅವಳ ಕೆಲಸವಾಗಿತ್ತು. "ನನ್ನ ಗಿರಾಕಿಗಳಲ್ಲಿ ಒಬ್ರೂ ವಾಪಸ್ ಬಂದು ದೂರು ಹೇಳಿಲ್ಲ" ಎಂದು ಅವಳು ನಗದೆ ಹೇಳುತ್ತಿದ್ದಳು. ಆ ಕಾರ್ಖಾನೆ ಬಾಗಿಲು ಹಾಕಿದಾಗ ಅವಳಿಗೆ ಮೂವತ್ತಾರು. ಎರಿ ಸರೋವರದ ದಂಡೆಯ ಆ ಊರಿನಲ್ಲಿ ಆಗ ಉಕ್ಕಿನ ಕುಲುಮೆಗಳೂ ಅದಿರಿನ ಹಡಗುಕಟ್ಟೆಗಳೂ ಒಂದರ ಹಿಂದೆ ಒಂದು ಮುಚ್ಚುತ್ತಿದ್ದವು. ಸಂಬಳ ಕೊಡುವಂಥದ್ದು ಅಂತ ಉಳಿದದ್ದು ಡಾಕರ್ಸ್ ಫುಟ್‌ಬಾಲ್ ತಂಡ. ಅದೂ ಸೋಲುವುದರಲ್ಲೇ ಹೆಸರು ಮಾಡಿದ್ದ ತಂಡ.

ತಂಡದ ಸಾಮಾನು ಕೋಣೆಯಲ್ಲಿ ಹೊಲಿಗೆಯವಳು ಬೇಕೆಂದು ಗೊತ್ತಾಗಿ ವರ್ನಾ ಹೋದಳು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಉಳಿದಳು. ಅಲ್ಲಿನ ಫುಟ್‌ಬಾಲ್ ಎಂದರೆ ಕಾಲಿಗಿಂತ ಮೈಯಲ್ಲಿ ಆಡುವ ಆಟ. ಭುಜಕ್ಕೆ ಕವಚ ಕಟ್ಟಿಕೊಂಡ ದೈತ್ಯರು ಒಬ್ಬರನ್ನೊಬ್ಬರು ಹಿಡಿದು ಎಳೆದು ನೆಲಕ್ಕೆ ಕೆಡಹುತ್ತಾರೆ. ಒಂದು ಭಾನುವಾರದ ಮ್ಯಾಚಿಗೆ ಇಪ್ಪತ್ತು ಜರ್ಸಿಯಾದರೂ ಹರಿದು ಬರುತ್ತಿದ್ದವು. ಅದರ ಮೇಲೆ ಬೆನ್ನಿನ ಹೆಸರುಗಳ ಕೆಲಸ. ಪ್ರತಿ ಮಂಗಳವಾರ ತಂಡದವರು ಯಾರನ್ನೋ ಕೆಲಸದಿಂದ ಬಿಡಿಸುತ್ತಿದ್ದರು, ಇನ್ಯಾರನ್ನೋ ಕರೆತರುತ್ತಿದ್ದರು. ಹೋದವನ ಹೆಸರಿನ ಬಟ್ಟೆಯನ್ನು ಬಿಚ್ಚಿ, ಬಂದವನ ಹೆಸರು ಹೊಲಿಯಬೇಕು. ಯಾರ ಹೊಟ್ಟೆಪಾಡು ಮುಗಿಯಿತು ಎನ್ನುವುದು ಪತ್ರಿಕೆಗಿಂತ ಮೊದಲು ವರ್ನಾಳ ಸೂಜಿಗೆ ಗೊತ್ತಾಗುತ್ತಿತ್ತು.

ಮದುವೆಯಾಗಲಿಲ್ಲ. ಗಂಡ ಸತ್ತ ತಂಗಿ ಟೆಸ್ ಜೊತೆ ಅಪ್ಪನ ಕಾಲದ ಮನೆಯಲ್ಲಿ ಇದ್ದಳು. ಅವಳ ದಿನದ ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ರೂಡಿ ಮಾರ್ಚಕ್ ಜೊತೆ. ರೂಡಿ ಸಾಮಾನು ಕೋಣೆಯ ಮುಖ್ಯಸ್ಥ, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಗುರುವಾರ ವರ್ನಾ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೆಣ್ಣೆಯಲ್ಲಿ ಹುರಿದು ತಂದರೆ, ಒಗೆಯುವ ಯಂತ್ರಗಳ ಸದ್ದಿನ ನಡುವೆ ಇಬ್ಬರೂ ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದರು. ಹಾಗೆ ಇಪ್ಪತ್ತೆರಡು ವರ್ಷ ನಡೆದಿತ್ತು.

ಟ್ರೆಂಟ್ ಕೆಸ್ಲರ್ ಬಂದದ್ದು ಆಮೇಲೆ. ತಂಡದ ಒಡತಿ ಆಗ್ನೆಸ್ ಲಾಥ್ರಪ್‌ಗೆ ಎಂಬತ್ತು ದಾಟಿತ್ತು. ಆಟವೊಂದನ್ನು ಬಿಟ್ಟು ಬೇರೆಲ್ಲ ವ್ಯವಹಾರವನ್ನು ಆಕೆ ಕೆಸ್ಲರನ ಕೈಗೆ ಕೊಟ್ಟಳು. ಅವನು ಬಂದ ಮೊದಲ ವಾರವೇ ಹೆಂಡತಿಯ ಉದ್ದನೆಯ ಗೌನೊಂದನ್ನು ತೋಳಿನ ಮೇಲೆ ಹಾಕಿಕೊಂಡು ಸಾಮಾನು ಕೋಣೆಗೆ ಇಳಿದ.

"ವರ್ನಾ ಅಂದ್ರೆ ನೀವೇ ಅಲ್ವಾ? ಸೊಂಟದ ಹತ್ರ ಎರಡು ಬೆರಳು ಸಡಿಲ ಮಾಡ್ಬೇಕು. ಶುಕ್ರವಾರಕ್ಕೆ."

"ಇಲ್ಲಿ ನಾನು ಆಟಗಾರರ ಬಟ್ಟೆ ಹೊಲಿಯೋದು, ಸಾರ್. ನಿಮ್ಮ ಮನೆಯವರು ಯಾವ ಜಾಗದಲ್ಲಿ ಆಡ್ತಾರೆ?"

ಒಗೆಯುವವರೆಲ್ಲ ನಕ್ಕರು. ರೂಡಿ ಕೂಡ ನಕ್ಕ. ಕೆಸ್ಲರ್ ತಾನೂ ನಕ್ಕವನಂತೆ ಮಾಡಿ ಗೌನನ್ನು ತೆಗೆದುಕೊಂಡು ಮೇಲೆ ಹೋದ. ಅವನು ಅದನ್ನು ಮರೆಯಲಿಲ್ಲ. ಏಳು ವರ್ಷ ಕಾದು, ಒಂದು ಬೇಸಗೆಯಲ್ಲಿ ಕಾಗದವೊಂದನ್ನು ರೂಡಿಯ ಕೈಯಲ್ಲಿ ಕಳಿಸಿದ. "ಎಲ್ಲರಿಗೂ ಬಂದಿದೆ, ಸುಮ್ನೆ ಸಹಿ ಹಾಕು" ಎಂದ ರೂಡಿ. ಓದುವ ಕನ್ನಡಕ ಮನೆಯಲ್ಲಿತ್ತು. ವರ್ನಾ ಸಹಿ ಹಾಕಿದಳು. ಆ ಸಹಿಯಿಂದ ಅವಳು ತಂಡದ ನೌಕರಳಾಗಿ ಉಳಿಯಲಿಲ್ಲ, ಹೊರಗಿನ ಗುತ್ತಿಗೆಯವಳಾದಳು. ಸಂಬಳ ಅಷ್ಟೇ ಬರುತ್ತಿದ್ದುದರಿಂದ ಅವಳಿಗೆ ಅದು ತಟ್ಟಲಿಲ್ಲ.

ಅದಾದ ಎರಡನೆಯ ವರ್ಷ, ನಲವತ್ತಾರು ವರ್ಷಗಳಲ್ಲಿ ಮೊದಲ ಸಲ, ಡಾಕರ್ಸ್ ಚಾಂಪಿಯನ್ ಆದರು.

ಫೈನಲ್ ಮ್ಯಾಚು ದಕ್ಷಿಣದ ಬೆಚ್ಚಗಿನ ಊರಿನಲ್ಲಿ. ಫೈನಲ್ಲಿನ ಲಾಂಛನವನ್ನು ಪ್ರತಿ ಜರ್ಸಿಯ ಎದೆಯ ಮೇಲೂ ಹೊಲಿಯಬೇಕು. ನೂರಾರು ಲಾಂಛನಗಳನ್ನು ವರ್ನಾ ಎರಡು ದಿನದಲ್ಲಿ ಒಬ್ಬಳೇ ಹೊಲಿದು, ಹೊಲಿಗೆಯಂತ್ರದ ಜೊತೆ ತಾನೂ ವಿಮಾನ ಹತ್ತಿದಳು. ಮಧ್ಯವಿರಾಮದ ಹೊತ್ತಿಗೆ ಲೋಪಟಿ ಫನೋಗಾ ಒಳಗೆ ಓಡಿಬಂದ. ಮುಂಸಾಲಿನಲ್ಲಿ ಗೋಡೆಯಂತೆ ನಿಲ್ಲುವ ಸಮೋವಾದ ಹುಡುಗ. ಜರ್ಸಿ ಕಂಕುಳಿಂದ ಸೊಂಟದವರೆಗೆ ಸೀಳಿಹೋಗಿತ್ತು. ಬದಲಿ ಜರ್ಸಿ ಅದಕ್ಕೂ ಮೊದಲೇ ಹರಿದು ಮೂಲೆ ಸೇರಿತ್ತು. ಕವಚದ ಮೇಲೆ ಬಿಗಿದು ಕೂತ ಬಟ್ಟೆಯನ್ನು ಬಿಚ್ಚಿ ಮತ್ತೆ ತೊಡಿಸುವಷ್ಟು ಸಮಯವಿಲ್ಲ. ವರ್ನಾ ಅವನನ್ನು ಬೆಂಚಿನ ಮೇಲೆ ಕೂರಿಸಿ, ತಾನು ನೆಲಕ್ಕೆ ಮಂಡಿಯೂರಿ, ಮೈಮೇಲೆಯೇ ಹೊಲಿಯತೊಡಗಿದಳು. ಬಿಳಿ ದಾರ ಮುಗಿದಿತ್ತು. ಕೈಗೆ ಸಿಕ್ಕಿದ್ದು ಹಸಿರು.

"ಆಂಟಿ, ಚುಚ್ಚಿದ್ರೆ ಕಿರುಚ್ಕೊಳ್ತೀನಿ."

"ಕಿರುಚ್ಕೋ, ಯಾರಿಗೂ ಕೇಳಲ್ಲ. ಮೊದ್ಲು ಹೊಟ್ಟೆ ಒಳಗೆಳ್ಕೋ. ಸೂಜಿಗೆ ಅಡ್ಡ ಬರ್ತಿದೆ."

ಆ ಹಸಿರು ಹೊಲಿಗೆ ಉಳಿದರ್ಧ ಆಟವನ್ನು ತಡೆದುಕೊಂಡಿತು. ದೇಶವೆಲ್ಲ ಟೀವಿಯಲ್ಲಿ ಅದನ್ನು ನೋಡಿತು. ಮಾರನೆಯ ದಿನ ಪತ್ರಿಕೆಗಳಲ್ಲಿ ಅದರ ಚಿತ್ರ ಬಂತು. ಹೊಲಿದವಳ ಹೆಸರು ಬರಲಿಲ್ಲ. ಅವಳು ಅದಕ್ಕೆ ಬೇಸರಪಡಲಿಲ್ಲ, ಉಂಗುರ ಬರುತ್ತದಲ್ಲ ಎಂದುಕೊಂಡಳು.

ಗೆದ್ದ ತಂಡಕ್ಕೆ ಉಂಗುರ ಕೊಡುವುದು ಆ ಆಟದ ಪದ್ಧತಿ. ಬೆರಳಿನ ಗೆಣ್ಣನ್ನು ಮುಚ್ಚುವಂಥ ದಪ್ಪ ಚಿನ್ನ, ಅದರ ಮೇಲೆ ತಂಡದ ಗುರುತು, ಒಳಗೆ ತೊಡುವವರ ಹೆಸರು. ಇಂತಿಷ್ಟು ಉಂಗುರಕ್ಕೆ ಪಂದ್ಯಾವಳಿ ನಡೆಸುವ ಲೀಗಿನವರು ದುಡ್ಡು ಕೊಡುತ್ತಾರೆ, ಅದಕ್ಕಿಂತ ಹೆಚ್ಚು ಬೇಕಾದರೆ ಒಡೆಯರೇ ಮಾಡಿಸಬೇಕು. ಯಾರಿಗೆ ಎಂದು ಹೇಳುವ ಕಾನೂನಿಲ್ಲ, ಅದು ಒಡೆಯರ ಮನಸ್ಸು. ಆಟಗಾರರಿಗೂ ಕೋಚ್‌ಗಳಿಗೂ ಒಳ್ಳೆಯ ವಜ್ರದ್ದು, ಕಚೇರಿಯವರಿಗೆ ಅದಕ್ಕಿಂತ ಚಿಕ್ಕದು, ಉಳಿದವರಿಗೆ ಗಾಜಿನ ಹರಳಿನದು ಎಂದು ಡಾಕರ್ಸ್‌ನಲ್ಲಿ ಮಾತಾಯಿತು. ಒಗೆಯುವವರು ತಮ್ಮ ಬೆರಳಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡರು. ವರ್ನಾಳೂ ತೆಗೆದುಕೊಂಡಳು. ಗಾಜಿನದಾದರೂ ಆಗಲಿ, ಒಳಗೆ ಹೋಲ್ಯಾಕ್ ಎಂದು ಕೊರೆದಿದ್ದರೆ ಸಾಕು.

ಜೂನ್ ತಿಂಗಳಲ್ಲಿ ಉಂಗುರ ಕೊಡುವ ಸಮಾರಂಭ. ಆ ದಿನ ಬೆಳಿಗ್ಗೆ ಕೆಸ್ಲರನ ಕಚೇರಿಯಿಂದ ವರ್ನಾಳಿಗೆ ಕರೆ ಬಂತು. ವೇದಿಕೆಯ ಪರದೆ ಉದ್ದವಾಗಿ ನೆಲಕ್ಕೆ ಉಜ್ಜುತ್ತಿದೆ, ಅಂಚು ಮಡಚಿ ಹೊಲಿಯಬೇಕು. ಅವಳು ಸಭಾಂಗಣಕ್ಕೆ ಹೋದಳು. ಮೇಜಿನ ಮೇಲೆ ಮರದ ಪುಟ್ಟ ಪೆಟ್ಟಿಗೆಗಳು ಸಾಲಾಗಿದ್ದವು, ಪಕ್ಕದಲ್ಲಿ ಉಂಗುರ ಪಡೆಯುವವರ ಪಟ್ಟಿ, ಇಂಗ್ಲಿಷ್ ಅಕ್ಷರಕ್ರಮದಲ್ಲಿ. ವರ್ನಾ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಇಳಿಸಿದಳು. ಹೋಗನ್ ಇತ್ತು. ಅದರ ಕೆಳಗೆ ಹಾಪ್ಕಿನ್ಸ್ ಇತ್ತು. ಹೋಲ್ಯಾಕ್ ಇರಬೇಕಾದಲ್ಲಿ ಬಿಳಿ ಕಾಗದವೂ ಇರಲಿಲ್ಲ, ಒಂದು ಸಾಲಿಗೆ ಇನ್ನೊಂದು ಸಾಲು ಅಂಟಿಕೊಂಡಿತ್ತು.

ಅವಳು ಇಡೀ ಪಟ್ಟಿ ಓದಿದಳು. ಅಕ್ಟೋಬರ್‌ನಲ್ಲಿ ಮೂರು ವಾರ ಇದ್ದು ಹೋದ, ಚೆಂಡು ಒದೆಯುವ ಕಿಕ್ಕರ್‌ನ ಹೆಸರಿತ್ತು. ಕೆಸ್ಲರನ ಹಲ್ಲಿನ ಡಾಕ್ಟರ ಹೆಸರಿತ್ತು. ಅವನ ಹೆಂಡತಿಯ ತಮ್ಮ, ಕಾರು ಮಾರುವವನು, ಅವನ ಹೆಸರಿತ್ತು. ರೂಡಿ ಮಾರ್ಚಕ್, ಎರಡನೆಯ ದರ್ಜೆ. ಒಗೆಯುವವರು, ಬಸ್ ಓಡಿಸುವವನು, ಮೈದಾನದ ಹಿಮ ಬಳಿಯುವವರು, ಅವರಲ್ಲಿ ಒಬ್ಬರೂ ಇರಲಿಲ್ಲ.

ಕೆಸ್ಲರ್ ಅಷ್ಟರಲ್ಲಿ ಒಳಗೆ ಬಂದ.

"ಸಾರ್, ಇದರಲ್ಲಿ ನನ್ನ ಹೆಸರು ಬಿಟ್ಟಿದೆ."

"ಬಿಟ್ಟಿಲ್ಲ, ವರ್ನಾ. ಉಂಗುರ ತಂಡದವರಿಗೆ. ನೀವು ಹೊರಗಿನ ಗುತ್ತಿಗೆ. ಸಹಿ ನಿಮ್ದೇ ಇದೆಯಲ್ಲ."

"ಮೂವತ್ತು ವರ್ಷ ಆಯ್ತು."

"ನಿಮಗೆ ಕೊಟ್ರೆ ನಾಳೆ ಪಾಪ್‌ಕಾರ್ನ್ ಮಾರೋನೂ ಬಂದು ಕೈ ಚಾಚ್ತಾನೆ."

"ಪಾಪ್‌ಕಾರ್ನ್ ಮಾರೋನು ನಿಮ್ಮ ಹಲ್ಲಿನ ಡಾಕ್ಟರಿಗಿಂತ ಜಾಸ್ತಿ ಮ್ಯಾಚ್ ನೋಡಿದ್ದಾನೆ, ಸಾರ್."

ಕೆಸ್ಲರ್ ಪಟ್ಟಿಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಅಂಚು ಎರಡು ಗಂಟೆಯೊಳಗೆ ಮುಗಿಬೇಕು" ಎಂದ. ನಂತರ ಬಾಗಿಲ ಬಳಿ ನಿಂತು ಒಂದು ಮಾತು ಸೇರಿಸಿದ: "ನನ್ನ ಹೆಂಡತಿ ಆ ಗೌನನ್ನ ಕೊನೆಗೆ ಬೇರೆ ಕಡೆ ಸಡಿಲ ಮಾಡಿಸ್ಕೊಂಡ್ಳು. ಚೆನ್ನಾಗಿ ಬಂತು."

ಅದೊಂದು ಮಾತನ್ನು ಅವನು ಆಡದೆ ಹೋಗಿದ್ದರೆ ವರ್ನಾ ಬಹುಶಃ ಅತ್ತು ಸುಮ್ಮನಾಗುತ್ತಿದ್ದಳು. ಆಡಿಬಿಟ್ಟ. ಅವಳು ಪರದೆಯ ಅಂಚನ್ನು ಪೂರ್ತಿ ಹೊಲಿದಳು, ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ಕೆಳಗೆ ಬಂದಾಗ ರೂಡಿ ಹೆಲ್ಮೆಟ್ ಒರೆಸುತ್ತಿದ್ದ.

"ನಿಂಗೊತ್ತಿತ್ತಾ?"

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. "ಮೂರು ವಾರದ ಹಿಂದೆ ಗೊತ್ತಾಯ್ತು. ನಾನೇನು ಮಾಡ್ಲಿ, ವರ್ನಾ? ಬಾಯಿ ಬಿಟ್ರೆ ನನ್ನ ಹೆಸರೂ ಹೋಗ್ತಿತ್ತು."

ಸಮಾರಂಭಕ್ಕೆ ಫನೋಗಾ ಬಂದಿದ್ದ. ಆ ವೇಳೆಗೆ ಅವನನ್ನು ಬೇರೆ ತಂಡಕ್ಕೆ ಕೊಟ್ಟಾಗಿತ್ತು. ಉಂಗುರ ಹಾಕಿಕೊಂಡವನು ಮೈಕಿನ ಹತ್ತಿರ ನಿಂತು, ನಮ್ಮ ಆಂಟಿ ಎಲ್ಲಿ ಎಂದು ಕೇಳಿದನಂತೆ. ಆಕೆಗೆ ಮೈಹುಷಾರಿಲ್ಲ ಎಂದು ಕೆಸ್ಲರ್ ಹೇಳಿದನಂತೆ. ಒಗೆಯುವ ಹೆಂಗಸೊಬ್ಬಳು ಈ ಸುದ್ದಿ ತಂದಾಗ ವರ್ನಾ ಮನೆಯ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು.

ಟೆಸ್ ಕುದಿದುಹೋದಳು. "ಪೇಪರಿನವರಿಗೆ ಹೇಳು. ನಾನೇ ಫೋನ್ ಮಾಡ್ತೀನಿ."

"ಪೇಪರಿನವರು ಒಂದಿನ ಬರೀತಾರೆ. ಅವನು ಒಂದಿನ ಮುಖ ಸಪ್ಪೆ ಮಾಡ್ಕೋತಾನೆ. ಆಮೇಲೆ ಗಾಜಿನ ಉಂಗುರ ಒಂದು ಪೋಸ್ಟಲ್ಲಿ ಬರತ್ತೆ. ನಂಗೆ ಅಷ್ಟು ಸಾಕಾಗಲ್ಲ ಕಣೇ."

"ಮತ್ತೇನು ಬೇಕು ನಿಂಗೆ?"

"ಅವನೂ ಒಂದು ಪಟ್ಟಿಯಿಂದ ಬಿಟ್ಟುಹೋಗ್ಬೇಕು."

ಹೇಗೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಕೆಲಸ ಬಿಡಲಿಲ್ಲ. ಕೆಸ್ಲರ್ ಎದುರಾದರೆ ನಮಸ್ಕಾರ ಹೇಳುವಳು. ರೂಡಿಗೆ ಗುರುವಾರದ ಕಡುಬು ನಿಂತಿತು, ಅಷ್ಟೇ ಹೊರಗೆ ಕಂಡ ಬದಲಾವಣೆ.

ಆಗಸ್ಟ್‌ನಲ್ಲಿ ಕೆಸ್ಲರ್ ತಾನಾಗಿಯೇ ಅವಳ ಬಳಿ ಬಂದ. ಕೈಯಲ್ಲಿ ಹೊಸ ಜರ್ಸಿಗಳ ರಟ್ಟಿನ ಪೆಟ್ಟಿಗೆ. ಎಲ್ಲದರ ಬೆನ್ನಿನ ಮೇಲೂ ಫನೋಗಾ ಎಂದು ಹೆಸರು ಹಾಕಬೇಕು, ಎದೆಗೆ ಫೈನಲ್ಲಿನ ಲಾಂಛನ ಹೊಲಿಯಬೇಕು, ಕಂಕುಳಿಂದ ಸೊಂಟದವರೆಗೆ ಹರಿದು ಹಸಿರು ದಾರದಲ್ಲಿ ಹೊಲಿಯಬೇಕು ಎಂದ. ಸ್ವಲ್ಪ ಮಣ್ಣು, ಹುಲ್ಲಿನ ಕಲೆ ರೂಡಿ ನೋಡಿಕೊಳ್ಳುತ್ತಾನೆ.

"ಎಷ್ಟು ಬೇಕು ಸಾರ್?"

"ಸದ್ಯಕ್ಕೆ ಹತ್ತೊಂಬತ್ತು. ಅಂಗಡಿಯಲ್ಲಿ ನೋಡೋಕೆ ಇಡೋದಕ್ಕೆ."

ಅವಳಿಗೆ ತಕ್ಷಣ ಅರ್ಥವಾಯಿತು. ಫೈನಲ್‌ನಲ್ಲಿ ತೊಟ್ಟ ನಿಜವಾದ ಜರ್ಸಿಯನ್ನು ಕೆಸ್ಲರ್ ಯಾವನೋ ಶ್ರೀಮಂತನಿಗೆ ಮಾರ್ಚ್‌ನಲ್ಲೇ ಗುಟ್ಟಾಗಿ ಮಾರಿದ್ದು ಸಾಮಾನು ಕೋಣೆಗೆ ಗೊತ್ತಿತ್ತು. ಈಗ ಅದನ್ನೇ ಇನ್ನೂ ಹತ್ತೊಂಬತ್ತು ಸಲ ಮಾರಲು ಹೊರಟಿದ್ದ. "ಮ್ಯಾಚಿನಲ್ಲಿ ತೊಟ್ಟದ್ದು" ಎನ್ನುವ ಪ್ರಮಾಣಪತ್ರಕ್ಕೆ ರೂಡಿಯ ಸಹಿ ಇರುತ್ತದೆ ಎನ್ನುವುದೂ ಅವಳಿಗೆ ಹೊಳೆಯಿತು. ಆ ಗಳಿಗೆಯಲ್ಲಿ ರೂಡಿಯನ್ನು ಕರೆದು ಒಂದು ಮಾತು ಹೇಳಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಕರೆಯಬೇಕೆಂದು ಅವಳಿಗೆ ಅನ್ನಿಸಿತು ಕೂಡ. ಉಂಗುರದ ವಿಷಯ ಗೊತ್ತಿದ್ದೂ ಅವನು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದದ್ದು ನೆನಪಾಯಿತು. ಕರೆಯಲಿಲ್ಲ.

ಹತ್ತೊಂಬತ್ತು ಹೆಸರಿನ ಬಟ್ಟೆಗಳನ್ನು ಅವಳು ಕತ್ತರಿಸಿದಳು. ಜರ್ಸಿಗೆ ಹೊಲಿಯುವ ಮೊದಲು, ಪ್ರತಿಯೊಂದರ ಹಿಂಭಾಗದಲ್ಲಿ, ಎಷ್ಟು ಒಗೆದರೂ ಹೋಗದ ಮಸಿಯಲ್ಲಿ, ಪುಟ್ಟ ಅಕ್ಷರಗಳಲ್ಲಿ ಬರೆದಳು: "ಈ ಜರ್ಸಿ ಯಾವ ಮ್ಯಾಚನ್ನೂ ಕಂಡಿಲ್ಲ. ಆಗಸ್ಟ್ ಹದಿನಾಲ್ಕರಂದು ಕೆಸ್ಲರ್ ಹೇಳಿದಂತೆ ಹರಿದು ಹೊಲಿದಿದ್ದೇನೆ. ವರ್ನಾ ಹೋಲ್ಯಾಕ್." ಆಮೇಲೆ ಅದನ್ನು ಬೆನ್ನಿಗೆ ಒತ್ತಿ ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿದಳು. ಬಹಳ ದಿನಗಳ ಮೇಲೆ ಆ ದಿನ ಅವಳು ಕೆಲಸ ಮಾಡುತ್ತ ಹಾಡಿಕೊಂಡಳು.

ಜರ್ಸಿಗಳು ಒಂದೊಂದಾಗಿ ಗುಟ್ಟಾಗಿ ಮಾರಾಟವಾದವು. ವರ್ನಾ ಕಾದಳು. ಒಂದೆರಡು ಮಾರಾಟವಾದಾಗಲೇ ಬಾಯಿಬಿಟ್ಟರೆ ಕೆಸ್ಲರ್ ಯಾರದೋ ತಪ್ಪೆಂದು ತೋರಿಸಿ ನುಣುಚಿಕೊಳ್ಳುತ್ತಾನೆ. ಎಲ್ಲರೆದುರು, ಅವನ ಕೈ ಅದರ ಮೇಲಿರುವಾಗಲೇ ಹಿಡಿಯಬೇಕು.

ಕಾಯುವುದು ಸುಲಭವಾಗಿರಲಿಲ್ಲ. ಎರಡು ಬೀದಿ ಆಚೆ ವಾಲ್ಟ್ ಕ್ರೆನೆಕ್ ಎಂಬ ಮುದುಕನಿದ್ದ, ಸರೋವರದ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಒಂದು ಭಾನುವಾರ ಚರ್ಚಿನಿಂದ ಬರುವಾಗ ಅವಳನ್ನು ತಡೆದು ಮನೆಗೆ ಕರೆದೊಯ್ದ. ಗೋಡೆಯ ಮೇಲೆ, ಅವನ ಸತ್ತ ಹೆಂಡತಿಯ ಭಾವಚಿತ್ರದ ಪಕ್ಕದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನೊಳಗೆ ಹಸಿರು ಹೊಲಿಗೆಯ ಜರ್ಸಿ.

"ಇದು ನಿನ್ನ ಕೈಯದೇ ಅಲ್ವಾ, ವರ್ನಾ? ನನ್ನ ಹಳೇ ದೋಣೀನೂ ಮಾರ್ಬಿಟ್ಟೆ ಇದಕ್ಕೆ. ದಿನಾ ಕಾಫಿ ಕುಡಿಯೋವಾಗ ಇದರ ಎದುರಿಗೇ ಕೂರೋದು."

"ನನ್ನ ಕೈಯದೇ, ವಾಲ್ಟ್" ಎಂದಳು. ಅದು ಸುಳ್ಳೇನೂ ಅಲ್ಲ. ಮನೆಗೆ ಬಂದು ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಟೆಸ್ ಕೇಳಿದ್ದಕ್ಕೆ ಹೊಟ್ಟೆನೋವು ಎಂದಳು. ಮಾರನೆಯ ದಿನ ಯಥಾಪ್ರಕಾರ ಕೆಲಸಕ್ಕೆ ಹೋದಳು.

ಫೆಬ್ರವರಿಯಲ್ಲಿ ಗೆಲುವಿಗೆ ವರ್ಷ ತುಂಬಿತು. ಕಾಯಿಲೆಬಿದ್ದ ಮಕ್ಕಳ ಸಹಾಯಾರ್ಥ ತಂಡದವರು ದೊಡ್ಡ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನದ ಭೋಜನ ಇಟ್ಟುಕೊಂಡರು. ಕೊನೆಯಲ್ಲಿ ಹರಾಜು, ಹರಾಜಿನ ಮುಖ್ಯ ವಸ್ತು ಫನೋಗಾನ ಜರ್ಸಿ, ಅಂದರೆ ಹತ್ತೊಂಬತ್ತನೆಯದು. ಅದನ್ನು ಹೊಲಿದವಳನ್ನೇ ವೇದಿಕೆಗೆ ಕರೆದರೆ ಬೆಲೆ ಏರುತ್ತದೆ ಎಂದು ಕೆಸ್ಲರನಿಗೆ ಹೊಳೆಯಿತು.

"ಎರಡೇ ಮಾತು ವರ್ನಾ. ನಾನೇ ಹೊಲಿದದ್ದು, ಆ ದಿನ ಹೀಗಾಯ್ತು ಅಂತ. ಊಟ ಅಲ್ಲೇ."

"ಆಗ್ಲಿ ಸಾರ್. ತಂಗೀನೂ ಕರ್ಕೊಂಡ್ ಬರ್ಲಾ?"

"ಬರ್ಲಿ, ಬರ್ಲಿ."

ಅವಳು ಕಡುನೀಲಿ ಉಡುಪು ಹಾಕಿಕೊಂಡು, ಕೂದಲು ಸುರುಳಿ ಮಾಡಿಸಿಕೊಂಡು ಹೋದಳು. ಮುನ್ನೂರು ಜನ. ಮುಂದಿನ ಮೇಜಿನಲ್ಲಿ ಗಾಲಿಕುರ್ಚಿಯ ಮೇಲೆ ಒಡತಿ ಆಗ್ನೆಸ್ ಲಾಥ್ರಪ್, ಅವಳ ಎಡಕ್ಕೆ ಹಲ್ಲಿನ ಡಾಕ್ಟರು. ಅವರ ಬೆರಳಿನ ಉಂಗುರ ಸೂಪಿನ ಬಟ್ಟಲಿಗೆ ತಗುಲಿ ಟಣ್ ಎನ್ನುತ್ತಿತ್ತು. ಕೆಸ್ಲರ್ ಜರ್ಸಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದು ನಮ್ಮೂರಿನ ಚರಿತ್ರೆ ಎಂದ. ಜನ ಚಪ್ಪಾಳೆ ತಟ್ಟಿದರು. ಮೈಕನ್ನು ವರ್ನಾಳ ಕೈಗೆ ಕೊಟ್ಟ.

"ಇದನ್ನ ನಾನೇ ಹೊಲಿದದ್ದು" ಎಂದಳು ವರ್ನಾ. "ನನ್ನ ಕೆಲಸಕ್ಕೆ ನಾನು ಯಾವಾಗ್ಲೂ ಹೆಸರು ಬರೀತೀನಿ. ತೋರಿಸ್ಬಹುದಾ?"

ಕೆಸ್ಲರ್ ನಕ್ಕು, "ದಯವಿಟ್ಟು" ಎಂದ.

ಅವಳು ಕೈಚೀಲದಿಂದ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ತೆಗೆದು ಹೆಸರಿನ ಬಟ್ಟೆಯ ಅಂಚಿಗೆ ಕೊಟ್ಟು ಎಳೆದಳು. ಮೂವತ್ತು ವರ್ಷ ಪ್ರತಿ ಮಂಗಳವಾರ ಮಾಡಿದ ಕೆಲಸ. ಕೆಸ್ಲರ್ "ಏನು ಮಾಡ್ತಿದ್ದೀರಿ" ಎನ್ನುವಷ್ಟರಲ್ಲಿ ಬಟ್ಟೆ ಮೂರು ಕಡೆ ಬಿಟ್ಟು ಜೋತಾಡಿತು. ಅವಳು ಅದನ್ನು ಮಗುಚಿ, ಕನ್ನಡಕ ಹಾಕಿಕೊಂಡು, ಬರೆದದ್ದನ್ನು ಮೈಕಿನಲ್ಲಿ ಓದಿದಳು, ತನ್ನ ಹೆಸರಿನವರೆಗೂ. ನಂತರ ಹೇಳಿದಳು:

"ಇಂಥವು ಹತ್ತೊಂಬತ್ತು ಇವೆ. ತಗೊಂಡವರು ಮನೆಗೆ ಹೋಗಿ ಬಿಚ್ಚಿ ನೋಡಿ. ಹೊಲಿಗೆ ಗಟ್ಟಿ ಇದೆ, ನಿಧಾನಕ್ಕೆ ಬಿಚ್ಚಿ."

ಕೆಸ್ಲರ್ ಅವಳ ಕೈಯಿಂದ ಜರ್ಸಿ ಕಿತ್ತುಕೊಳ್ಳಲು ನೋಡಿದ. ಆಗ್ನೆಸ್ ಲಾಥ್ರಪ್ ಕೈ ಮುಂದೆ ಚಾಚಿ, "ಅದನ್ನ ಇಲ್ಲಿ ತಾ ಟ್ರೆಂಟ್" ಎಂದಳು. ಮೈಕ್ ಇಲ್ಲದೆ ಆಡಿದ ಆ ಮಾತು ಹಿಂದಿನ ಮೇಜುಗಳಿಗೂ ಕೇಳಿಸಿತು. ಅವನು ಕೊಟ್ಟ. ಅವನ ಕಿವಿಗಳು ಕೆಂಪಾಗಿ, ಆಮೇಲೆ ಸುಣ್ಣದಂತೆ ಬೆಳ್ಳಗಾದದ್ದನ್ನು ವರ್ನಾ ಹತ್ತಿರದಿಂದ ನೋಡಿದಳು. ಪೂರ್ತಿ ನೋಡಿದ ಮೇಲೆಯೇ ವೇದಿಕೆಯಿಂದ ಇಳಿದು, ತನ್ನ ಮೇಜಿಗೆ ಹೋಗಿ, ತಟ್ಟೆಯಲ್ಲಿದ್ದ ಕೋಳಿ ಮಾಂಸವನ್ನು ತಿಂದು ಮುಗಿಸಿದಳು.

ಮುಂದಿನದು ಬೇಗ ನಡೆಯಿತು. ಹದಿನೆಂಟು ಮನೆಗಳಲ್ಲಿ ಹದಿನೆಂಟು ಹೆಸರಿನ ಬಟ್ಟೆಗಳನ್ನು ಬಿಚ್ಚಿದರು. ಸರಕಾರಿ ವಕೀಲರು ಬಂದರು. ಕೆಸ್ಲರನನ್ನು ಕೆಲಸದಿಂದ ತೆಗೆದರು, ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ಜೈಲು ತಪ್ಪಿತು, ಹೆಸರು ಹೋಯಿತು. ವರ್ನಾಳನ್ನೂ ಒಂದು ದಿನವೆಲ್ಲ ಕೂರಿಸಿ ಕೇಳಿದರು. "ಗೊತ್ತಿದ್ದೂ ಯಾಕೆ ಹೊಲಿದೆ? ಆರು ತಿಂಗಳು ಯಾಕೆ ಸುಮ್ಮನಿದ್ದೆ?" ಎಂದು ವಕೀಲ ಕೇಳಿದಾಗ, "ಸುಮ್ಮನಿರಲಿಲ್ಲ, ಹತ್ತೊಂಬತ್ತು ಸಲ ಬರೆದಿಟ್ಟಿದ್ದೆ" ಎಂದಳು.

ರೂಡಿಯ ಕೆಲಸ ಹೋಯಿತು. ಪ್ರಮಾಣಪತ್ರಗಳೆಲ್ಲದರ ಮೇಲೂ ಅವನ ಸಹಿ ಇತ್ತು. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವನು ವರ್ನಾಳ ಮನೆಯ ಮೆಟ್ಟಿಲ ಕೆಳಗೆ ಬಂದು ನಿಂತ. ಅವಳು ಒಳಗೆ ಕರೆಯಲಿಲ್ಲ.

"ನಂಗೊಂದು ಮಾತು ಮೊದ್ಲೇ ಹೇಳ್ಬಹುದಿತ್ತು ನೀನು."

"ನೀನೂ ಹೇಳ್ಬಹುದಿತ್ತು."

"ಅದು ಉಂಗುರ, ವರ್ನಾ. ಇದು ನನ್ನ ಜೀವನ. ಅವೆರಡೂ ಒಂದೇನಾ?"

ರೂಡಿ ಬೆರಳಿನಿಂದ ತನ್ನ ಉಂಗುರವನ್ನು ತೆಗೆದು ಮೆಟ್ಟಿಲ ಮೇಲೆ ಇಟ್ಟ. "ತಗೋ. ಇದಕ್ಕೇ ತಾನೇ ಇಷ್ಟೆಲ್ಲ."

"ಒಳಗೆ ನಿನ್ನ ಹೆಸರಿದೆ. ಎತ್ಕೊಂಡು ಹೋಗು."

ಅವನು ಎತ್ತಿಕೊಂಡು ಹೋದ. ಆಮೇಲೆ ಅವರಿಬ್ಬರೂ ಮಾತಾಡಿದ್ದಿಲ್ಲ. ವಾಲ್ಟ್ ಕ್ರೆನೆಕ್ ಕೂಡ ಅವಳೊಡನೆ ಮಾತು ಬಿಟ್ಟ. ಅವನು ಕೊಟ್ಟ ದುಡ್ಡೆಲ್ಲ ತಂಡದಿಂದ ವಾಪಸ್ ಬಂದಿತ್ತು. ಆದರೂ ಚೌಕಟ್ಟನ್ನು ಗೋಡೆಯಿಂದ ಇಳಿಸಲಿಲ್ಲ, ಜರ್ಸಿಯ ಹೆಸರು ಬಿಚ್ಚಿದ ಬೆನ್ನನ್ನು ಗೋಡೆಯ ಕಡೆ ತಿರುಗಿಸಿ ಹಾಗೇ ಇಟ್ಟುಕೊಂಡ. "ಗೊತ್ತಾಗದೆ ಸತ್ತಿದ್ರೆ ಚೆನ್ನಾಗಿತ್ತು" ಎಂದು ಟೆಸ್ ಹತ್ತಿರ ಅಂದನಂತೆ. ಅದನ್ನು ಕೇಳಿದಾಗ ವರ್ನಾ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಒಡತಿ ಅವಳನ್ನು ತನ್ನ ಮನೆಗೆ ಕರೆಸಿಕೊಂಡಳು. ಚಹಾ ಕೊಟ್ಟು, ಉಂಗುರ ಮಾಡಿಸಿಕೊಡುತ್ತೇನೆ ಎಂದಳು.

"ನನಗೊಬ್ಬಳಿಗೆ ಬೇಡ, ಮೇಡಂ. ಪಟ್ಟಿಯಿಂದ ಬಿಟ್ಟುಹೋದವರು ಹನ್ನೊಂದು ಜನ ಇದ್ದೀವಿ." ವರ್ನಾ ಹೆಸರುಗಳನ್ನು ಬರೆದ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಬೆರಳಿನ ಅಳತೆ ಸಮೇತ ಬರೆದಿದ್ದಳು. "ಗಾಜು ಬೇಡ. ಎರಡನೇ ದರ್ಜೆ. ಇನ್ನೊಂದು ವಿಷಯ. ಕೆಸ್ಲರ್ ತನ್ನವರಿಗೆ ಕೊಟ್ಟದ್ದನ್ನ ವಾಪಸ್ ತರಿಸ್ಬೇಕು."

"ಕೊಟ್ಟ ಉಡುಗೊರೆ ವಾಪಸ್ ಕೇಳೋದು ಹ್ಯಾಗೆ? ನನ್ನ ಬಾಯಿಂದ ಬರಲ್ಲ ಕಣಮ್ಮ."

"ನನ್ನ ಬಾಯಿಂದ ಬರತ್ತೆ. ನೀವು ಎರಡು ಸಾಲು ಬರೆದುಕೊಡಿ."

ಮುದುಕಿ ಪೆನ್ನು ಕೇಳಿದಳು.

ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ವರ್ನಾ ಬಾಯಿ ಊದಿಸಿಕೊಂಡು ಕೂತ ರೋಗಿಗಳ ನಡುವೆ ಎರಡು ಗಂಟೆ ಕಾದಳು. ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ಕಾಗದ ತೆಗೆದು ಗಟ್ಟಿಯಾಗಿ ಓದಿ ಹೇಳಿದಳು. ಮೂರನೆಯ ಸಲ ಓದುವಾಗ ಡಾಕ್ಟರು ಕೈಗವಸಿನಲ್ಲೇ ಹೊರಗೆ ಬಂದು, ಉಂಗುರವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರು. ಕಾರು ಮಾರುವವನು ಮಾತ್ರ ಕೊಡಲಿಲ್ಲ, ಆಗಲೇ ಮಾರಿಬಿಟ್ಟಿದ್ದ. ಅವನ ಅಂಗಡಿಯಲ್ಲಿ ಗಿರಾಕಿಗಳಿರುವಾಗ ಅವಳು ಅದನ್ನೂ ಗಟ್ಟಿಯಾಗಿ ಹೇಳಿಸಿದಳು.

ಉಂಗುರ ಆ ಬೇಸಗೆಯಲ್ಲಿ ಬಂತು. ಹೋಲ್ಯಾಕ್ ಎಂಬ ಅಕ್ಷರಗಳನ್ನು ಅವಳು ಕಿಟಕಿಯ ಬೆಳಕಿನಲ್ಲಿ ಓದಿದಳು. ಸಂತೋಷವಾಯಿತು, ಆದರೆ ಅಂದುಕೊಂಡಷ್ಟು ಆಗಲಿಲ್ಲ. ಹೋಟೆಲಿನ ವೇದಿಕೆಯ ಮೇಲೆ ಕೆಸ್ಲರನ ಕಿವಿ ಬೆಳ್ಳಗಾದಾಗ ಆದದ್ದರ ಅರ್ಧವೂ ಆಗಲಿಲ್ಲ, ಅದನ್ನು ಅವಳು ಟೆಸ್ ಹತ್ತಿರ ಮುಚ್ಚಿಡಲಿಲ್ಲ. ಹೊಲಿಯುವಾಗ ಹರಳು ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಭಾನುವಾರ ಮಾತ್ರ ಹಾಕಿಕೊಂಡಳು. ಇನ್ನೆರಡು ಸೀಸನ್ ದುಡಿದು ಕೆಲಸ ಬಿಟ್ಟಳು.

ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಮಾಂಸ ತಿನ್ನದ ಪ್ರತಿ ಶುಕ್ರವಾರ, ಅವಳ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಮಾರುತ್ತಾರೆ. ಕೆಲಸ ಬಿಟ್ಟ ಮೇಲೆ ವರ್ನಾ ಅಲ್ಲಿ ಬಡಿಸುವ ಕಟ್ಟೆಗೆ ನಿಂತಳು. ಎರಡನೆಯ ವರ್ಷ ಸಾಲಿನಲ್ಲಿ ಕೆಸ್ಲರ್ ಕಂಡ. ತಗ್ಗಿದ ಭುಜ, ಅಗ್ಗದ ಕೋಟು. ಪಕ್ಕದ ಊರಿನಲ್ಲಿ ವಿಮೆ ಮಾರುತ್ತಿದ್ದಾನೆ, ಹೆಂಡತಿ ಬಿಟ್ಟುಹೋಗಿದ್ದಾಳೆ ಎಂದು ಅವಳು ಕೇಳಿದ್ದಳು. ಅವಳನ್ನು ನೋಡಿ ಅವನು ಒಂದು ಹೆಜ್ಜೆ ಹಿಂಜರಿದ, ಹಿಂದೆ ಜನ ತುಂಬಿದ್ದರಿಂದ ಮುಂದೆ ಬರಲೇಬೇಕಾಯಿತು.

"ಹೇಗಿದ್ದೀರಿ, ವರ್ನಾ."

"ಚೆನ್ನಾಗಿದ್ದೀನಿ. ಒಂದು ತುಂಡಾ ಎರಡಾ?"

"ಎರಡು."

ಅವಳು ಮೀನಿನ ರಾಶಿಯಲ್ಲಿ ಹುಡುಕಿ, ಬಾಲದ ಕಡೆಯ ಎರಡು ಸಣಕಲು ತುಂಡುಗಳನ್ನು ಆರಿಸಿ ಹಾಕಿದಳು. ಅವನು ಅಲ್ಲೇ ನಿಂತು, ಮೀನಿಗೆ ಹಚ್ಚಿಕೊಳ್ಳುವ ಬಿಳಿ ಸಾಸ್ ಇದೆಯಾ ಎಂದು ಕೇಳಿದ.

"ಮುಗಿದುಹೋಯ್ತು" ಎಂದಳು ವರ್ನಾ. ತುಂಬಿದ ಬಕೆಟ್ಟು ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಅವನೂ ಅದನ್ನು ನೋಡಿದ. ತಟ್ಟೆ ಹಿಡಿದು ಮೂಲೆಯ ಮೇಜಿಗೆ ಹೋದ. ವರ್ನಾ ಮುಂದಿನವರಿಗೆ ಎಷ್ಟು ತುಂಡು ಎಂದು ಕೇಳಿದಳು.